ವನದೈವದ ಸಾವು: ಒಂದು ಪ್ರತಿಕ್ರಿಯೆ

ಗಿಲ್ಲೆರ್ಮೊ ಡೆಲ್ ಟೋರೊ ಅವರ ‘ಹೆಲ್‌ಬಾಯ್’ (2004) ಕಥಾಬಂಧದಲ್ಲಿ ದೃಢವಾದುದೆಂದೂ, 2008ರ ಉತ್ತರಭಾಗವು ವಿಚಿತ್ರಜೀವಿಗಳ ಪ್ರದರ್ಶನ ಮಾತ್ರವೆಂದೂ ಕಳೆದ ಸಂಚಿಕೆಯ ಲೇಖಕರು ವಾದಿಸಿರುವರು. ಈ ಮಾತನ್ನು ನಾನು ಒಪ್ಪಲಾರೆ. ಮೊದಲ ಚಿತ್ರದ ಸಾಮಾಯೆಲ್, ಒಂದು ಸತ್ತರೆ ಎರಡಾಗಿ ಹುಟ್ಟುವ, ಎಷ್ಟು ಕೊಂದರೂ ನಮ್ಮಲ್ಲಿ ಮರುಕವುಂಟುಮಾಡದ ಜಂತು. ಎರಡನೆಯದರಲ್ಲಾದರೋ, ನಾಯಕನು ಒಂದು ಕೈಯಲ್ಲಿ ಎಳೆಗೂಸನ್ನು ಹಿಡಿದುಕೊಂಡೇ, ನಗರದ ಬೀದಿಯಲ್ಲಿ ಬೃಹದಾಕಾರವಾಗಿ ಬೆಳೆದು ನಿಂತ ವನದೈವಕ್ಕೆ ಗುಂಡಿಕ್ಕಿದಾಗ, ಅದರ ನೆತ್ತರು ಬಿದ್ದೆಡೆಯೆಲ್ಲ ಹಸಿರಾಗಿ ಹಬ್ಬುತ್ತದೆ. ತನ್ನ ಕುಲದಲ್ಲಿ ಅದೇ ಕಡೆಯದು. ಮಗುವನ್ನು ಉಳಿಸಿದವನಿಗೆ ಜನರಿಂದ ದೊರೆತುದು ನಿಂದೆ. ಇದು ಬರಿಯ ಪ್ರದರ್ಶನವೆ? ಜಗದ್ವಿನಾಶವೊಂದನ್ನೇ ಬಯಸಿದ, ಮೊದಲ ಚಿತ್ರದ ಖಳನಾಯಕ ರಾಸ್ಪುಟಿನ್ನನೆದುರು, ಮನುಷ್ಯನ ದುರಾಶೆಯಿಂದ ನೆಲೆ ಕಳೆದುಕೊಂಡ ಕುಲದ ಪರವಾಗಿ ನಿಂತ, ಎರಡನೆಯದರ ಖಳನಾಯಕ ರಾಜಕುಮಾರ ನುವಾಡನ ವೈರದಲ್ಲಿ ನ್ಯಾಯದ ಅಂಶವಿದೆ. ಆದುದರಿಂದಲೇ ಅವನು ಸೋತಾಗ ನಮಗೆ ಗೆದ್ದೆವೆನ್ನಿಸುವುದಿಲ್ಲ.