ಗಾಜಿನ ತೊಟ್ಟಿಯ ಕೋಡಿ

ಕೆರೆ ಕೋಡಿ ಬಿತ್ತೆಂದರೆ ಅಜ್ಜ ಅಜ್ಜಿಯರ ಮುಖ ಅರಳುತ್ತದೆ. ತುಂಬಿದ ಕೆರೆಯ ಹೆಚ್ಚಿನ ನೀರು ಏರಿಯನ್ನು ಒಡೆಯದೆ ಹೊರಗೆ ಹರಿಯಲು ಮಾಡಿದ ದಾರಿಯೇ ಕೋಡಿ. ಮಕ್ಕಳೇ, ಈ ವಾರ ನಾನು ಹೇಳುವುದು ಮನೆಯೊಳಗಿನ ಕೋಡಿಯ ಕಥೆ.

ನನ್ನ ತಂಗಿಯ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇದೆ. ಅದರಲ್ಲಿ ಕಿತ್ತಳೆ ಬಣ್ಣದ ಕ್ಲೌನ್ ಮೀನುಗಳು, ಸಾಕಿ ಬೆಳೆಸಿದ ಮೆತ್ತನೆಯ ಹವಳಗಳು. ಕೆಳಗಿನ ಕಪಾಟಿನಲ್ಲಿ ಇನ್ನೊಂದು ತೊಟ್ಟಿಯಿದೆ. ಅದೇ ಸಂಪು. ಅಲ್ಲಿ ಸೋಸಿದ ನೀರನ್ನು ಪಂಪು ಮೇಲಕ್ಕೆ ತಳ್ಳುತ್ತದೆ. ಮೇಲಿನ ತೊಟ್ಟಿಯ ಅಂಚಿನ ಕೋಡಿಯನ್ನು ದಾಟಿದ ನೀರು ಕೊಳವೆಯಲ್ಲಿ ಮತ್ತೆ ಕೆಳಗಿಳಿಯುತ್ತದೆ.

ನೋಡಿದ ಮಕ್ಕಳೆಲ್ಲ ಕೇಳುವ ಪ್ರಶ್ನೆ ಒಂದೇ: ಏರುವ ನೀರನ್ನೂ ಇಳಿಯುವ ನೀರನ್ನೂ ಸಮ ಮಾಡುವವರು ಯಾರು?

ಯಾರೂ ಇಲ್ಲ! ಏರಿಸಲು ಒಂದು ಪಂಪು, ಇಳಿಸಲು ಇನ್ನೊಂದು ಪಂಪು ಇಟ್ಟರೆ ಸಾಲದೇ ಎಂದು ನೀವು ಕೇಳಬಹುದು. ಒಂದೇ ಅಂಗಡಿಯ ಜೋಡಿ ಪಂಪುಗಳೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಓಡುವುದಿಲ್ಲ. ಗಂಟೆಗೆ ಬರೀ 10 ಲೀಟರ್ ಹೆಚ್ಚುಕಮ್ಮಿಯಾದರೂ ದಿನಕ್ಕೆ 240 ಲೀಟರ್. ತೊಟ್ಟಿಗೆ ತೊಟ್ಟಿಯೇ ನೆಲದ ಮೇಲೆ!

ಕೋಡಿಗೆ ಈ ತೊಂದರೆಯಿಲ್ಲ. ಪಂಪು ಹೆಚ್ಚು ನೀರು ಕೊಟ್ಟರೆ ಅಂಚಿನ ಮೇಲೆ ನೀರು ತುಸು ದಪ್ಪವಾಗಿ ಹರಿಯುತ್ತದೆ, ಕಡಿಮೆ ಕೊಟ್ಟರೆ ತೆಳ್ಳಗೆ. ನೀರಿನ ಎತ್ತರ ಎರಡರಷ್ಟಾದರೆ ಸಾಕು, ಹರಿವು ಸುಮಾರು 2.8 ಪಟ್ಟಾಗುತ್ತದೆ. ಹಾಗಾಗಿ ಕೆಲವೇ ಮಿಲಿಮೀಟರ್ ಏರಿಳಿತದಲ್ಲಿ ಲೆಕ್ಕ ತಾನೇ ಸರಿಹೋಗುತ್ತದೆ. ನಾವು ನೋಡಬೇಕಾದದ್ದು ಇಷ್ಟೇ: ಪಂಪು ಕೊಡುವುದಕ್ಕಿಂತ ಹೆಚ್ಚು ನೀರನ್ನು ಒಯ್ಯುವ ಶಕ್ತಿ ಇಳಿಯುವ ಕೊಳವೆಗೆ ಇರಬೇಕು. ಪಂಪಿನ ಡಬ್ಬಿಯ ಮೇಲಿನ ಅಂಕಿಯನ್ನು ನಂಬಬೇಡಿ. ನೀರು ಎತ್ತರಕ್ಕೆ ಏರಿದಷ್ಟೂ ಹರಿವು ಕುಗ್ಗುತ್ತದೆ. ಬಕೆಟ್ಟು, ಗಡಿಯಾರ ಹಿಡಿದು ಅಳೆಯಿರಿ. 20 ಸೆಕೆಂಡಿನಲ್ಲಿ 5 ಲೀಟರ್ ಬಂದರೆ ಗಂಟೆಗೆ 900 ಲೀಟರ್.

ನಿಜವಾದ ಪರೀಕ್ಷೆ ಕರೆಂಟು ಹೋದಾಗ. ಪಂಪು ನಿಂತ ಕೂಡಲೇ, ನೀರು ಏರಿದ ಕೊಳವೆಯಲ್ಲೇ ಹಿಂದಕ್ಕೆ ಇಳಿಯತೊಡಗುತ್ತದೆ. ಕೊಳವೆಯ ಬಾಯಿಗೆ ಗಾಳಿ ಸಿಗುವವರೆಗೂ ಅದು ನಿಲ್ಲುವುದಿಲ್ಲ. ತಂಗಿಯ ತೊಟ್ಟಿ 120 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲ. ನೀರು ಒಂದು ಸೆಂಟಿಮೀಟರ್ ಇಳಿದರೆ 5.4 ಲೀಟರ್. ಕೊಳವೆಯ ಬಾಯಿ 5 ಸೆಂಟಿಮೀಟರ್ ಆಳದಲ್ಲಿದ್ದರೆ 27 ಲೀಟರ್ ಕೆಳಗೆ ಬರುತ್ತದೆ. ಸಂಪಿನಲ್ಲಿ ಖಾಲಿ ಜಾಗ 20 ಲೀಟರಿನಷ್ಟೇ ಇದ್ದರೆ? ಉಳಿದ 7 ಲೀಟರ್ ಉಪ್ಪುನೀರು ನೆಲಕ್ಕೆ, ಪ್ಲಗ್ ಪಾಯಿಂಟಿನ ಪಕ್ಕಕ್ಕೆ! ಅದಕ್ಕೇ ತಂಗಿ ಕೊಳವೆಯ ಬಾಯನ್ನು ನೀರಿನ ಮೇಲ್ಮೈಯಿಂದ ಒಂದೇ ಸೆಂಟಿಮೀಟರ್ ಕೆಳಗಿಟ್ಟಿದ್ದಾಳೆ. ತಿಂಗಳಿಗೊಮ್ಮೆ ಬೇಕೆಂದೇ ಪಂಪು ನಿಲ್ಲಿಸಿ, ಸಂಪಿನ ನೀರು ಎಲ್ಲಿಯವರೆಗೆ ಏರುತ್ತದೆಂದು ನೋಡುತ್ತಾಳೆ.

ಇನ್ನೊಂದು ಅಪಾಯವೂ ಇದೆ. ಬಸವನಹುಳುವೊಂದು ಇಳಿಯುವ ಕೊಳವೆಯೊಳಗೆ ಸಿಕ್ಕಿಕೊಂಡರೆ ದಾರಿ ಕಟ್ಟುತ್ತದೆ, ಪಂಪು ಮಾತ್ರ ತಳ್ಳುತ್ತಲೇ ಇರುತ್ತದೆ. ಇದಕ್ಕೆ ಉಪಾಯ ಎರಡು. ತುಸು ಎತ್ತರದಲ್ಲಿ ಇನ್ನೊಂದು ಇಳಿಕೊಳವೆ ಇಡುವುದು ಒಂದು. ಪಂಪು ಇರುವ ಖಾನೆಯನ್ನು ಚಿಕ್ಕದಾಗಿಡುವುದು ಇನ್ನೊಂದು. ಅದರಲ್ಲಿ 10 ಲೀಟರ್ ನೀರಿದ್ದು, ಕೋಡಿಯಿಂದ ಮೇಲೆ ಗಾಜಿನಂಚಿನವರೆಗೆ 3 ಸೆಂಟಿಮೀಟರ್, ಅಂದರೆ 16.2 ಲೀಟರಿನ ಜಾಗವಿದ್ದರೆ ತೊಟ್ಟಿ ತುಂಬಿ ಹರಿಯುವ ಮೊದಲೇ ಪಂಪಿನ ನೀರು ಮುಗಿಯುತ್ತದೆ. ಆಗ ಅದು ಗಾಳಿ ಎಳೆಯುತ್ತ ಗೊರಗೊರ ಸದ್ದು ಮಾಡುತ್ತದೆ. ಮನೆಯವರಿಗೆ ಅದೇ ಎಚ್ಚರಿಕೆಯ ಗಂಟೆ.

ಈಗ ನಿಮ್ಮ ಸರದಿ. ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗವನ್ನು ಅಜ್ಜನ ಕೈಯಲ್ಲಿ ಕತ್ತರಿಸಿ, ಅಂಚಿನಿಂದ ಮೂರು ಬೆರಳು ಕೆಳಗೆ ಒಂದು ತೂತು ಮಾಡಿಸಿಕೊಳ್ಳಿ. ಬಕೆಟ್ಟಿನೊಳಗಿಟ್ಟು ನಲ್ಲಿಯನ್ನು ಸಣ್ಣಗೆ ಬಿಡಿ. ನೀರು ಎಲ್ಲಿ ನಿಂತಿತೆಂದು ಗುರುತು ಹಾಕಿ. ನಲ್ಲಿಯನ್ನು ಇನ್ನಷ್ಟು ತಿರುಗಿಸಿದರೆ ನೀರು ತುಸು ಏರಿ ಮತ್ತೆ ಅಲ್ಲೇ ನಿಲ್ಲುತ್ತದೆ. ಕೊನೆಗೆ ತೂತಿಗೆ ಬೆರಳು ಒತ್ತಿ ನೋಡಿ. ಬಸವನಹುಳುವಿನ ಕಿತಾಪತಿ ಗೊತ್ತಾಗುತ್ತದೆ! ಬಕೆಟ್ಟಿನ ನೀರು ಅಜ್ಜಿಯ ತುಳಸಿಗಿಡಕ್ಕೆ.