‘ಸಿವಿಲ್’ ಎಂದರೆ ಯಾವ ಸಿವಿಲ್?

ಕಳೆದ ತಿಂಗಳು ಚೆನ್ನೈನ ನನ್ನ ಮೇಜಿಗೆ ಅನುವಾದಕ್ಕೆಂದು ಒಂದು ಇಂಗ್ಲಿಷ್ ಲೇಖನ ಬಂತು. ಇಸ್ಲಾಮಿಕ್ ಕಾನೂನನ್ನೂ ‘ಸಿವಿಲ್ ಲಾ’ವನ್ನೂ ಹೋಲಿಸುವ ಬರಹ. ಮೊದಲ ಪುಟದಲ್ಲೇ ಎಡವಿದೆ. ನಮ್ಮಲ್ಲಿ ಸಿವಿಲ್ ಎಂದರೆ ಕ್ರಿಮಿನಲ್ ಅಲ್ಲದ್ದು: ಜಮೀನಿನ ತಕರಾರು, ಬಾಡಿಗೆ ದಾವೆ. ವಿದ್ವಾಂಸರ ಸಿವಿಲ್ ಲಾ ಬೇರೆಯೇ. ಅದು ರೋಮನ್ ಕಾನೂನಿನಿಂದ ಬೆಳೆದು 1804ರ ಫ್ರೆಂಚ್ ಸಂಹಿತೆಯಲ್ಲಿ ಗಟ್ಟಿಯಾದ ಯುರೋಪಿನ ಪರಂಪರೆ. (‘ಕಾನೂನು’ ನಮಗೆ ಬಂದದ್ದು ಅರಬ್ಬಿಯಿಂದ, ಅರಬ್ಬಿಗೆ ಗ್ರೀಕಿನಿಂದ. ವಕೀಲ, ದಾವೆ, ವಾರಸು ಕೂಡ ಅರಬ್ಬಿಯವೇ.)

ಇದು ಬರೀ ಪದದ ತಂಟೆಯಲ್ಲ. ಏಕರೂಪ ನಾಗರಿಕ ಸಂಹಿತೆಯ ಮಾತು ಎದ್ದಾಗಲೆಲ್ಲ ತಕ್ಕಡಿಯ ಒಂದು ಕಡೆ ಷರಿಯತ್ತು, ಇನ್ನೊಂದು ಕಡೆ ‘ಆಧುನಿಕ ಕಾನೂನು’ ಇಟ್ಟು ತೂಗುತ್ತೇವೆ. ಉಯಿಲಿನ ಮಟ್ಟಿಗೆ ಆ ಆಧುನಿಕ ಕಾನೂನು ಇಂಗ್ಲಿಷರ ಅಚ್ಚಿನದು. ಯುರೋಪಿನ ಸಂಹಿತೆ ನೋಡಲು ಪ್ಯಾರಿಸ್ಸಿಗೆ ಹೋಗಬೇಕಿಲ್ಲ, ಕಾರವಾರದಿಂದ ಗಡಿ ದಾಟಿದರೆ ಸಾಕು. ಗೋವಾದಲ್ಲಿ 1867ರ ಪೋರ್ಚುಗೀಸ್ ಸಂಹಿತೆಯಿಂದ ಬಂದ ಉತ್ತರಾಧಿಕಾರದ ನಿಯಮಗಳು ಇಂದಿಗೂ ನಡೆಯುತ್ತಿವೆ, ಮುಸ್ಲಿಮರಿಗೂ ಅವೇ.

ಹೆಂಡತಿ ತೀರಿಕೊಂಡ ಒಬ್ಬ ಅಪ್ಪ ಇದ್ದಾನೆನ್ನಿ. ಸ್ವಂತ ದುಡಿಮೆಯ ಮನೆ, ಬೆಲೆ 12 ಲಕ್ಷ. ಮಕ್ಕಳ ಮೇಲಿನ ಸಿಟ್ಟಿಗೆ ಅದನ್ನು ಗೆಳೆಯನಿಗೆ ಉಯಿಲು ಬರೆಯುತ್ತಾನೆ. ಕಾರವಾರದ ಹಿಂದೂ ಆದರೆ 12 ಲಕ್ಷವೂ ಗೆಳೆಯನಿಗೇ. ಕಾರವಾರದ ಮುಸ್ಲಿಮನಾದರೆ ಮೂರನೇ ಒಂದು ಪಾಲು, 4 ಲಕ್ಷ. ಅದಕ್ಕಿಂತ ಹೆಚ್ಚು ಕೊಡಲು ವಾರಸುದಾರರು ಒಪ್ಪಬೇಕು. ಗೋವಾದವನಾದರೆ ಅರ್ಧ, 6 ಲಕ್ಷ. ಮಕ್ಕಳನ್ನು ಬರಿಗೈಯಲ್ಲಿ ಕಳಿಸಲು ಬಿಡದ ವಿಷಯದಲ್ಲಿ ಷರಿಯತ್ತೂ ಯುರೋಪಿನ ಸಂಹಿತೆಯೂ ಒಂದೇ ದಡದಲ್ಲಿವೆ. ಆಚೆ ದಡದಲ್ಲಿ ನಿಂತಿರುವುದು ನಾವು ಆಧುನಿಕ ಎಂದುಕೊಂಡದ್ದು.

ಉಯಿಲಿಲ್ಲದೆ ತೀರಿಕೊಂಡರೆ ಮಾತ್ರ ಲೆಕ್ಕ ತಿರುಗುತ್ತದೆ. ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಎನ್ನೋಣ. ಗೋವಾದಲ್ಲಿ ಮೂವರಿಗೂ ತಲಾ 4 ಲಕ್ಷ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೂ ಅಷ್ಟೇ. ಷರಿಯತ್ತಿನಲ್ಲಿ ಮಗನಿಗೆ 6, ಹೆಣ್ಣುಮಕ್ಕಳಿಗೆ ತಲಾ 3. ನನಗಿದು ಅನ್ಯಾಯವೆಂದೇ ಕಾಣುತ್ತದೆ. ಹೋಲಿಕೆಯ ಹೆಸರಿನಲ್ಲಿ ಇದನ್ನು ತೇಲಿಸಿಬಿಡುವ ವಿದ್ವಾಂಸರ ಮೇಲೆ ನನಗೆ ಸಿಟ್ಟೂ ಇದೆ. ಆದರೆ ಅರ್ಧ ಪಾಲಿನ ಬಗ್ಗೆ ಟಿವಿಯಲ್ಲಿ ಕೂಗಾಡುವವರು, ಒಂದು ಉಯಿಲಿನಿಂದ ಮಗಳ ಪಾಲನ್ನು ಸೊನ್ನೆ ಮಾಡುವ ಅಪ್ಪನ ಬಗ್ಗೆ ಯಾಕೆ ಬಾಯಿ ಬಿಡುವುದಿಲ್ಲ? ಏಕರೂಪ ಸಂಹಿತೆ ಬಂದರೆ ಉಯಿಲಿಗೆ ಮಿತಿ ಇರುತ್ತದೋ ಇಲ್ಲವೋ ಎಂದು ಮೊದಲು ಕೇಳಬೇಕಾದವರು ಹಿಂದೂ ಮನೆಗಳ ಹೆಣ್ಣುಮಕ್ಕಳು.

ಅಂದಹಾಗೆ, ಅನುವಾದದಲ್ಲಿ ‘ರೋಮನ್ ಮೂಲದ ಸಂಹಿತಾ ಪರಂಪರೆ’ ಎಂದು ಬರೆದೆ. ಉದ್ದವಾಯಿತೆಂದು ಸಂಪಾದಕರು ಗೊಣಗಿದ್ದಾರೆ. ನಾನಿನ್ನೂ ಬದಲಾಯಿಸಿಲ್ಲ.