ಬುಲಾವಾ ಬಂದಿದೆ, ಬಾಕಿ ತೀರಿದೆಯೇ?

ಮೈಸೂರಿನ ಗೋಕುಲಂ ಬಡಾವಣೆಯಲ್ಲಿ ಬೆಳಗಿನ ಜಾವಕ್ಕೇ ಓಡಾಟ ಶುರುವಾಗುತ್ತದೆ. ಹಾಲಿನವರು, ಪೇಪರ್ ಹುಡುಗರು ಬೀದಿಗಿಳಿಯುವ ಹೊತ್ತಿಗೆ ಅಮೆರಿಕ, ಯುರೋಪು, ಜಪಾನುಗಳಿಂದ ಬಂದವರು ಸುತ್ತಿದ ಚಾಪೆಯನ್ನು ಹೆಗಲಿಗೇರಿಸಿಕೊಂಡು ಯೋಗಶಾಲೆಗಳ ಕಡೆ ನಡೆಯುತ್ತಿರುತ್ತಾರೆ. ಅವರಿಗೆಂದೇ ಇಲ್ಲಿ ಬಾಡಿಗೆ ಮನೆಗಳಿವೆ, ಬಾಡಿಗೆ ಸ್ಕೂಟರುಗಳಿವೆ, ಅವರ ನಾಲಿಗೆಗೆ ಹೊಂದುವ ಹೋಟೆಲುಗಳಿವೆ. ತಿಂಗಳಿಗೆ ಹತ್ತಾರು ಸಾವಿರ ರೂಪಾಯಿ ಶುಲ್ಕ ಪಡೆಯುವ ಶಾಲೆಗಳೂ ಇವೆ. ಯಾಕೆ ಬಂದಿರಿ ಎಂದು ಕೇಳಿದರೆ ಬಹಳ ಮಂದಿ ಹೇಳುವುದು ಒಂದೇ ಮಾತು: ನೌಕರಿಯಿತ್ತು, ದುಡ್ಡಿತ್ತು, ನೆಮ್ಮದಿಯಿರಲಿಲ್ಲ, ಒಳಗಿನಿಂದ ಯಾವುದೋ ಕರೆ ಬಂತು, ಹೊರಟುಬಂದೆವು.

ಈ ಮಾತನ್ನು ನಾವು ಗೇಲಿ ಮಾಡುವುದಿಲ್ಲ. ದುಡ್ಡನ್ನು ದೇವರ ಪೀಠದಲ್ಲಿ ಕೂರಿಸಿದ ನಾಡುಗಳ ಮಕ್ಕಳೇ ಬಂದು, ಆ ಪೀಠ ಖಾಲಿಯಿದೆ ಎಂದು ಸಾಕ್ಷಿ ನುಡಿಯುತ್ತಿದ್ದಾರೆ. ಆ ಸಾಕ್ಷಿಗೆ ಬೆಲೆಯಿದೆ. ನಮ್ಮ ತಕರಾರು ಬೇರೆ. ಅವರು ಯಾವ ಅಂಗಡಿಯಿಂದ ತಪ್ಪಿಸಿಕೊಂಡು ಬಂದರೋ ಅದೇ ಅಂಗಡಿ ಇಲ್ಲಿ ಬೋರ್ಡು ಬದಲಿಸಿಕೊಂಡು ಕೂತಿದೆ. ರೋಗ ಹಚ್ಚಿದವನೇ ಮದ್ದು ಮಾರುತ್ತಿದ್ದಾನೆ. ಕರೆ ಎಂಬುದು ಈಗ ಕೊಂಡುಕೊಳ್ಳುವ ಸರಕಾಗಿದೆ.

ಗೋಕುಲಂನ ಕಥೆ ಹೀಗೆ ಆರಂಭವಾಗಿರಲಿಲ್ಲ. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಲು ತಿರುಮಲೈ ಕೃಷ್ಣಮಾಚಾರ್ಯರಿಗೆ ಆಸರೆ ಕೊಟ್ಟರು. ಆಚಾರ್ಯರ 'ಯೋಗ ಮಕರಂದ' 1934ರಲ್ಲಿ ಪ್ರಕಟವಾದದ್ದು ಕನ್ನಡದಲ್ಲಿ. ಅವರ ಶಿಷ್ಯ ಕೆ. ಪಟ್ಟಾಭಿ ಜೋಯಿಸರು ಹಾಸನದ ಹತ್ತಿರದ ಕೌಶಿಕದವರು. ಹದಿಹರೆಯದಲ್ಲಿ ಜೇಬಿನಲ್ಲಿ ಎರಡು ರೂಪಾಯಿ ಇಟ್ಟುಕೊಂಡು ಮೈಸೂರಿಗೆ ಓದಲು ಬಂದರೆಂದು ಅವರ ಜೀವನಚರಿತ್ರೆ ಹೇಳುತ್ತದೆ. ಸಂಸ್ಕೃತ ಕಾಲೇಜಿನಲ್ಲಿ ಮೇಷ್ಟರಾದರು, 1948ರಲ್ಲಿ ಲಕ್ಷ್ಮೀಪುರಂನಲ್ಲಿ ಸ್ವಂತ ಶಾಲೆ ತೆರೆದರು. 1960ರ ದಶಕದಿಂದ ವಿದೇಶಿಯರು ಬರತೊಡಗಿದರು. ಈ ಶತಮಾನದ ಮೊದಲ ವರ್ಷಗಳಲ್ಲಿ ಶಾಲೆ ಗೋಕುಲಂಗೆ ಬಂತು, 2009ರಲ್ಲಿ ಜೋಯಿಸರು ತೀರಿಕೊಂಡರು. ಅರಮನೆಯ ದುಡ್ಡೇನು ಆಕಾಶದಿಂದ ಬಿದ್ದದ್ದಲ್ಲ, ಅದೂ ರೈತನ ಕಂದಾಯವೇ. ಆದರೆ ಆಗ ಕಲಿಯುವವನ ಯೋಗ್ಯತೆಯನ್ನು ಅವನ ಜೇಬು ತೀರ್ಮಾನಿಸುತ್ತಿರಲಿಲ್ಲ. ಎರಡು ರೂಪಾಯಿಯ ಹುಡುಗನೊಬ್ಬ ಇಂದು ಗೋಕುಲಂಗೆ ಬಂದರೆ ಯಾವ ಬಾಗಿಲು ತಟ್ಟಬೇಕು? 2017ರ ಜೂನ್ 21ರಂದು ಮೈಸೂರಿನ ರೇಸ್‌ಕೋರ್ಸ್ ಮೈದಾನದಲ್ಲಿ 55 ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ಆಸನ ಹಾಕಿದರು, ಗಿನ್ನೆಸ್ ದಾಖಲೆಯಾಯಿತು. ಎಣಿಕೆ ಮಾಡಿದವರಿಗೆ ತಲೆಗಳ ಲೆಕ್ಕ ಸಿಕ್ಕಿತು. ಎಷ್ಟು ಮನಸ್ಸುಗಳು ತಿಳಿಯಾದವು ಎಂದು ಅಳೆಯುವ ಮಾಪಕ ಯಾರ ಬಳಿಯೂ ಇರಲಿಲ್ಲ.

ಇದನ್ನು ಓದಿ ನಮ್ಮ ಮುಸ್ಲಿಮ್ ಓದುಗರು ಮೀಸೆಯಡಿಯಲ್ಲಿ ನಗಬೇಕಾಗಿಲ್ಲ. ನಮ್ಮ ಬೀದಿ ಇದಕ್ಕಿಂತ ಚೊಕ್ಕಟವಾಗಿಲ್ಲ. ಹಜ್‌ಗೋ ಉಮ್ರಾಕ್ಕೋ ಹೊರಟವರನ್ನು ಕಂಡರೆ ನಮ್ಮ ಮನೆಗಳಲ್ಲಿ ಒಂದು ಮಾತಿದೆ: ಅವರಿಗೆ ಬುಲಾವಾ ಬಂದಿದೆ. ಅಂದರೆ ಕರೆ ಬಂದಿದೆ, ಕರೆದವನು ಅಲ್ಲಾಹ. ಈ ಸುಂದರ ಪದವನ್ನು ಈಗ ಟ್ರಾವೆಲ್ಸ್‌ನವರ ಕರಪತ್ರಗಳಲ್ಲಿ ನೋಡಬೇಕು. ಹರಮ್‌ನಿಂದ ಇಷ್ಟೇ ಮೀಟರ್ ದೂರ, ಕಿಟಕಿ ತೆರೆದರೆ ಕಾಬಾ, ಮೂರು ಹೊತ್ತು ಬಫೆ ಊಟ, ಕಂತಿನಲ್ಲಿ ಕಟ್ಟುವ ಸೌಲಭ್ಯ. ಕರೆಯುವವನು ಯಾರು, ಏಜೆಂಟನೋ ಅಲ್ಲಾಹನೋ ಎಂಬ ಅನುಮಾನ ಬರುವಷ್ಟು ಈ ಭಾಷೆ ಕೆಟ್ಟಿದೆ. ಮಕ್ಕಾದಲ್ಲಿ 2002ರಲ್ಲಿ ಅಜ್ಯಾದ್ ಎಂಬ ತುರ್ಕರ ಕಾಲದ ಕೋಟೆಯನ್ನು ಕೆಡವಲಾಯಿತು. ಅದಿದ್ದ ಜಾಗದಲ್ಲಿ 601 ಮೀಟರ್ ಎತ್ತರದ ಗಡಿಯಾರ ಗೋಪುರ ಎದ್ದಿತು. ಅದರೊಳಗೆ ಐಷಾರಾಮಿ ಹೋಟೆಲು, ಕೆಳಗೆ ದೊಡ್ಡ ಮಾಲು. ರಾಜನಿಗೂ ಕೂಲಿಗೂ ಹೊಲಿಗೆಯಿಲ್ಲದ ಅದೇ ಎರಡು ಬಟ್ಟೆ ಎಂಬುದು ಇಹ್ರಾಮ್‌ನ ಪಾಠ. ಬಟ್ಟೆ ಈಗಲೂ ಒಂದೇ. ಮಲಗುವ ಮಹಡಿ ಮಾತ್ರ ಅವರವರ ಬ್ಯಾಂಕ್ ಖಾತೆಯಷ್ಟು ಎತ್ತರ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. ಕಲಿಸುವವನೂ ಉಣ್ಣಬೇಡವೇ? ಯೋಗ ಗುರುವಿಗೂ ಮದ್ರಸಾದ ಉಸ್ತಾದರಿಗೂ ಹೊಟ್ಟೆಯಿಲ್ಲವೇ? ಇದೆ. ಈ ಪ್ರಶ್ನೆಯನ್ನು ನಮ್ಮ ಹಿರಿಯರು ಶತಮಾನಗಳ ಹಿಂದೆಯೇ ಚರ್ಚಿಸಿದ್ದಾರೆ. ಇಮಾಮ್ ಅಬೂ ಹನೀಫಾ ಕೂಫಾ ಪಟ್ಟಣದಲ್ಲಿ ರೇಷ್ಮೆ ಬಟ್ಟೆಯ ವ್ಯಾಪಾರಿ. ಹೊಟ್ಟೆಪಾಡು ಅಂಗಡಿಯಿಂದ ನಡೆಯುತ್ತಿತ್ತು, ವಿದ್ಯೆಯಿಂದಲ್ಲ. ಕುರ್‌ಆನ್ ಕಲಿಸಿದ್ದಕ್ಕೆ ಕೂಲಿ ಪಡೆಯುವುದನ್ನು ಹನಫಿ ಪಂಥದ ಮೊದಲ ವಿದ್ವಾಂಸರು ಒಪ್ಪಲಿಲ್ಲ. ಕಲಿಸುವವರೇ ಇಲ್ಲದಂತಾದೀತು ಎಂಬ ಅಂಜಿಕೆಯಿಂದ ನಂತರದವರು ಅನುಮತಿ ಕೊಟ್ಟರು. ಅಂದರೆ ಅದು ಅಗತ್ಯಕ್ಕೆ ಕೊಟ್ಟ ರಿಯಾಯಿತಿ, ವ್ಯಾಪಾರಕ್ಕೆ ಕೊಟ್ಟ ಪರವಾನಗಿಯಲ್ಲ. ಆ ರಿಯಾಯಿತಿಯನ್ನಾದರೂ ನಾವು ನೆಟ್ಟಗೆ ಪಾಲಿಸಿದ್ದೇವೆಯೇ? ಮಿನಾರಕ್ಕೆ, ಅಮೃತಶಿಲೆಗೆ ಲಕ್ಷಗಟ್ಟಲೆ ಚಂದಾ ಎತ್ತುವ ಕಮಿಟಿಗಳು ಪೇಶ್ ಇಮಾಮರ ಸಂಬಳದ ಮಾತು ಬಂದರೆ ಗೊಣಗುತ್ತವೆ. ನಮ್ಮ ದುಡ್ಡು ಕಣ್ಣಿಗೆ ಕಾಣುವ ಕಲ್ಲಿಗೆ ಹೋಗುತ್ತದೆ, ಮಕ್ಕಳಿಗೆ ಅಲಿಫ್ ಬೇ ಕಲಿಸುವವನ ಮನೆಗೆ ಹೋಗುವುದಿಲ್ಲ.

ಆದ್ದರಿಂದ ಆಧ್ಯಾತ್ಮಕ್ಕೆ ದುಡ್ಡು ಮುಟ್ಟಿದರೆ ಮೈಲಿಗೆ ಎಂಬ ವಾದ ನಮ್ಮದಲ್ಲ. ದುಡ್ಡಿನ ಸಂಸ್ಕೃತಿ ಮಾಡಿರುವ ದೊಡ್ಡ ಕೇಡು ಶುಲ್ಕವಲ್ಲ. ಕರೆಯನ್ನು ಅದು ಖಾಸಗಿ ಆಸ್ತಿಯಾಗಿ ಮಾಡಿದೆ. ನನ್ನ ನೆಮ್ಮದಿ, ನನ್ನ ಧ್ಯಾನ, ನನ್ನ ಉಮ್ರಾ, ನನ್ನ ಆತ್ಮ. ಸೈಟು ಕೊಂಡು ಬೇಲಿ ಹಾಕಿದಂತೆ ಆತ್ಮಕ್ಕೂ ಬೇಲಿ. ಬೇಲಿಯ ಹೊರಗಿರುವವರು ಯಾರು? ಸಾಧಕರ ಕೋಣೆಗಳಲ್ಲಿ ಉರಿಯುವ ಊದುಬತ್ತಿಯನ್ನೇ ನೋಡಿ. ಮೈಸೂರು ಅಗರಬತ್ತಿಗೆ 2005ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಇದರ ಕಡ್ಡಿ ಹೊಸೆಯುವವರಲ್ಲಿ ಹೆಚ್ಚಿನವರು ಹೆಂಗಸರು. ಮನೆಯ ಮೂಲೆಯಲ್ಲಿ ಮಣೆಯ ಮುಂದೆ ಕೂತು, ಸಾವಿರ ಕಡ್ಡಿಗೆ ಇಷ್ಟು ಎಂಬ ಲೆಕ್ಕದಲ್ಲಿ ಹೊಸೆಯುತ್ತಾರೆ. ಅವರಲ್ಲಿ ನಮ್ಮ ಮೊಹಲ್ಲಾಗಳ ತಾಯಂದಿರು, ಅಕ್ಕತಂಗಿಯರು ಎಷ್ಟೋ ಮಂದಿ. ಪರಿಮಳ ಧ್ಯಾನದ ಕೋಣೆಗೆ, ಮಸಿ ಮೆತ್ತಿದ ಅಂಗೈ ಇವರಿಗೆ. ಗೋಕುಲಂನ ಬಾಡಿಗೆ ಮನೆಗಳಲ್ಲಿ ಕಸ ಗುಡಿಸಿ, ಮುಸುರೆ ತಿಕ್ಕುವವರೂ ಬೆಳಗಿನ ಜಾವಕ್ಕೇ ಎದ್ದವರು. ಅವರಿಗೆ ಒಳಗಿನ ಕರೆ ಇಲ್ಲವೇ? ಇದ್ದರೆ ಕೇಳಿಸಿಕೊಳ್ಳುವ ಬಿಡುವು ಯಾರು ಕೊಟ್ಟಿದ್ದಾರೆ?

ಇಸ್ಲಾಮಿನಲ್ಲಿ ಎರಡು ಬಗೆಯ ಋಣಗಳ ಮಾತಿದೆ. ಒಂದು ಹುಕೂಕುಲ್ಲಾಹ್, ಅಲ್ಲಾಹನಿಗೆ ಸಲ್ಲಬೇಕಾದದ್ದು. ಇನ್ನೊಂದು ಹುಕೂಕುಲ್ ಇಬಾದ್, ಮನುಷ್ಯರಿಗೆ ಸಲ್ಲಬೇಕಾದದ್ದು. ಮೊದಲನೆಯದನ್ನು ಅಲ್ಲಾಹ ತನ್ನ ಕರುಣೆಯಿಂದ ಮನ್ನಿಸಿಯಾನು. ಎರಡನೆಯದನ್ನು ಆ ಮನುಷ್ಯನೇ ಮನ್ನಿಸಬೇಕು ಎಂದು ನಮ್ಮ ವಿದ್ವಾಂಸರು ಹೇಳುತ್ತ ಬಂದಿದ್ದಾರೆ. ಹಜ್ ಕಡ್ಡಾಯವಾಗುವುದು ಜೀವನದಲ್ಲಿ ಒಂದೇ ಸಲ, ಅದೂ ಸಾಲ ತೀರಿಸಿ, ಹಿಂದೆ ಬಿಟ್ಟುಹೋಗುವ ಮನೆಮಂದಿಯ ಖರ್ಚಿಗೆ ತೆಗೆದಿಟ್ಟು, ಇನ್ನೂ ಉಳಿದಿದ್ದವನಿಗೆ. ಗಮನಿಸಿ, ಅಲ್ಲಾಹನ ಮನೆಯ ದಾರಿ ಅಂಗಡಿಯವನ ಬಾಕಿ ಪುಸ್ತಕವನ್ನು ಹಾದೇ ಹೋಗುತ್ತದೆ. ಈ ನಿಯಮವನ್ನು ಕಾನೂನಿನ ಪುಸ್ತಕದಲ್ಲಿ ಮುಚ್ಚಿಟ್ಟು, ನಾವು ನಾಲ್ಕನೆಯ, ಐದನೆಯ ಉಮ್ರಾಕ್ಕೆ ಹೋಗುತ್ತೇವೆ. ಅದೇ ಹೊತ್ತಿಗೆ ಪಕ್ಕದ ಮನೆಯ ಹುಡುಗಿ ಫೀಸು ಕಟ್ಟಲಾಗದೆ ಪಿಯುಸಿ ಬಿಟ್ಟಿರುತ್ತಾಳೆ. ಅವಳ ಅಬ್ಬಾ ನಮ್ಮದೇ ಅಂಗಡಿಯ ಕೂಲಿಯಾಗಿರುತ್ತಾರೆ.

ಕರೆ ಬಂದಾಗ ಮನುಷ್ಯ ಏನು ಮಾಡುತ್ತಾನೆ ಎಂಬುದಕ್ಕೆ ಇಮಾಮ್ ಗಜಾಲಿಯವರ ಬದುಕನ್ನು ನೋಡಬಹುದು. 1091ರಲ್ಲಿ ಬಗ್ದಾದಿನ ನಿಜಾಮಿಯಾ ವಿದ್ಯಾಲಯದ ಪ್ರಧಾನ ಪೀಠ ಅವರಿಗೆ ದೊರೆತಿತ್ತು. ಆ ಕಾಲದ ವಿದ್ವಾಂಸನೊಬ್ಬ ಏರಬಹುದಾದ ಅತಿ ಎತ್ತರದ ಜಾಗವದು. ನಾಲ್ಕು ವರ್ಷಗಳಲ್ಲಿ ಅವರಿಗೆ ತಮ್ಮ ಮೇಲೆಯೇ ಅನುಮಾನ ಹುಟ್ಟಿತು: ತಾನು ಕಲಿಸುತ್ತಿರುವುದು ಅಲ್ಲಾಹನಿಗಾಗಿಯೋ, ಕೀರ್ತಿಗಾಗಿಯೋ? ತಿಂಗಳುಗಟ್ಟಲೆ ಒದ್ದಾಡಿದರು. ಪಾಠ ಹೇಳಲು ನಿಂತರೆ ನಾಲಿಗೆ ಹೊರಳದಾಯಿತು, ವೈದ್ಯರು ಕೈಚೆಲ್ಲಿದರು. 1095ರಲ್ಲಿ ಪೀಠ ಬಿಟ್ಟು ದಮಾಸ್ಕಸ್‌ಗೆ ಹೊರಟರು. ಹೊರಡುವ ಮುನ್ನ ಮಕ್ಕಳ ಅನ್ನಕ್ಕೆ ಬೇಕಾದಷ್ಟನ್ನು ತೆಗೆದಿಟ್ಟು ಉಳಿದ ಆಸ್ತಿಯನ್ನು ಹಂಚಿಬಿಟ್ಟರು. ಸುಮಾರು ಹತ್ತು ವರ್ಷಗಳ ಮೇಲೆ ಮರಳಿ ಪಾಠ ಹೇಳಲು ಕೂತರು. ಬಿಡುವ ಮೊದಲು ಮನೆಯ ಬಾಕಿ ತೀರಿಸಿದರು, ತಿರುಗಾಟ ಮುಗಿದ ಮೇಲೆ ಕಲಿಯುವ ಜನರ ಬಳಿಗೇ ಬಂದರು. ಕರೆ ಅವರನ್ನು ಜನರಿಂದ ಬಿಡಿಸಲಿಲ್ಲ, ಕೀರ್ತಿಯಿಂದ ಬಿಡಿಸಿತು.

ಅಷ್ಟು ದೂರ ಹೋಗುವುದು ಬೇಡವೆನ್ನುವವರು ಗೋಕುಲಂಗೆ ಹತ್ತಿರದ ಯಾದವಗಿರಿಯಲ್ಲಿ ಬಾಳಿದ ಆರ್.ಕೆ. ನಾರಾಯಣರ 'ದಿ ಗೈಡ್' ಓದಬಹುದು. 1958ರಲ್ಲಿ ಬಂದ ಆ ಕಾದಂಬರಿಯ ರಾಜು ಪ್ರವಾಸಿಗರಿಗೆ ದಾರಿ ತೋರಿಸಿ ಬದುಕಿದವನು, ಕಳ್ಳರುಜು ಹಾಕಿ ಜೈಲಿಗೆ ಹೋದವನು. ಬಿಡುಗಡೆಯಾಗಿ ಪಾಳುಗುಡಿಯಲ್ಲಿ ಕೂತರೆ ಹಳ್ಳಿಯವರು ಸ್ವಾಮಿಯೆಂದು ಕೈಮುಗಿದರು. ಪುಕ್ಕಟೆ ಊಟಕ್ಕೆಂದು ಅವನು ಸ್ವಾಮಿಯಾದ. ಬರಗಾಲ ಬಂದು, ಮಳೆಗಾಗಿ ಉಪವಾಸ ಕೂರಬೇಕಾದಾಗ ಮೊದಮೊದಲು ತಪ್ಪಿಸಿಕೊಳ್ಳಲು ನೋಡಿದ. ಕೊನೆಗೊಮ್ಮೆ, ತನಗೇನೂ ಲಾಭವಿಲ್ಲದ ಕೆಲಸವೊಂದನ್ನು ಮನಸಾರೆ ಮಾಡತೊಡಗಿದ. ಆ ಖದೀಮನಿಗೆ ಕರೆ ಕೇಳಿಸಿದ್ದು ಆಗ. ಅದು ಬಂದದ್ದು ಗುಹೆಯ ಮೌನದಿಂದಲ್ಲ, ಹಸಿದ ಹಳ್ಳಿಯಿಂದ. ಕನ್ನಡದ ಶರಣರು ಕಾಯಕದ ಜೊತೆಗೇ ದಾಸೋಹವನ್ನು ಕಟ್ಟಿದ್ದು ಇದೇ ಅರಿವಿನಿಂದ. ದುಡಿದದ್ದು ಹಂಚಿಹೋಗದಿದ್ದರೆ ಅದು ಬರೀ ದುಡಿಮೆ.

ಹೊಟ್ಟೆ ತುಂಬಿದವರು ಕರೆಯನ್ನು ಕೊಳ್ಳುತ್ತಾರೆಂಬುದು ಒಂದು ಮುಖವಾದರೆ, ಬೆಳೆಯುವ ಮಕ್ಕಳ ಒಳಗಿನ ಕರೆಯನ್ನು ನಾವೇ ಮನೆಯೊಳಗೆ ಹೊಸಕಿಹಾಕುತ್ತೇವೆಂಬುದು ಇನ್ನೊಂದು ಮುಖ. ಹುಡುಗನೊಬ್ಬ ಮೇಷ್ಟರಾಗುತ್ತೇನೆ ಎಂದರೆ, ಹುಡುಗಿಯೊಬ್ಬಳು ನರ್ಸ್ ಆಗುತ್ತೇನೆ ಎಂದರೆ ಹಿರಿಯರು ಮೊದಲು ಕೇಳುವುದು ಸಂಬಳ ಎಷ್ಟು ಎಂದು. ಮದುವೆ ಮಾತುಕತೆಯಲ್ಲಿ ಗಲ್ಫ್‌ನಲ್ಲಿರುವ ವರನಿಗೆ ಕುರ್ಚಿ, ಉರ್ದು ಶಾಲೆಯ ಮೇಷ್ಟರಿಗೆ ಚಾಪೆ. ಜಹೇಜ್ ಎಂಬ ಪಿಡುಗು ಈ ದರಪಟ್ಟಿಯನ್ನು ಇನ್ನಷ್ಟು ಗಟ್ಟಿ ಮಾಡಿದೆ. ಹೀಗೆ ಇಪ್ಪತ್ತು ವರ್ಷ ಮಗುವಿಗೆ ದುಡ್ಡಿನ ಕರೆಯನ್ನಷ್ಟೇ ಕೇಳಿಸಿ, ನಲವತ್ತರಲ್ಲಿ ಅವನು ನಿದ್ದೆಯಿಲ್ಲದೆ ಹೊರಳಾಡುವಾಗ ಶಾಂತಿಯ ಶಿಬಿರಕ್ಕೆ ಕಳಿಸುತ್ತೇವೆ. ಶಿಬಿರದವನು ಹಣ ಎಣಿಸಿಕೊಂಡು, ನಿನ್ನ ಕರೆಯನ್ನು ನೀನೇ ಹುಡುಕಿಕೋ ಎನ್ನುತ್ತಾನೆ. ಕಸಿದುಕೊಂಡದ್ದನ್ನೇ ಅವನಿಗೆ ತಿರುಗಿ ಮಾರುವ ಈ ವ್ಯವಹಾರದಲ್ಲಿ ನಾವೂ ಪಾಲುದಾರರು.

ಕರೆ ನಿಜವೋ ಸುಳ್ಳೋ ಎಂದು ತಿಳಿಯುವುದು ಹೇಗೆ? ಕಣ್ಣೀರು ಬಂದದ್ದು, ಮೈ ಹಗುರಾದದ್ದು, ಕನಸಿನಲ್ಲಿ ಬೆಳಕು ಕಂಡದ್ದು ಯಾವುದೂ ಪುರಾವೆಯಲ್ಲ. ಒಳ್ಳೆಯ ನಿದ್ದೆಯಿಂದಲೂ ಮೈ ಹಗುರಾಗುತ್ತದೆ. ಕರೆ ಬಂದವನಿಂದ ಬೇರೆಯವರ ಬಾಳು ಹಗುರಾಯಿತೇ ಎಂಬುದೊಂದೇ ಪುರಾವೆ. ಗೋಕುಲಂಗೆ ಬಂದ ಸಾಧಕ ತನ್ನ ಕೋಣೆ ಗುಡಿಸುವಾಕೆಯ ಹೆಸರು ಕೇಳಿ ತಿಳಿದಿದ್ದಾನೆಯೇ, ಅವಳಿಗೆ ನ್ಯಾಯವಾದ ಕೂಲಿ ಕೊಟ್ಟಿದ್ದಾನೆಯೇ? ಅವನಿಗೆ ಮನೆ ಕೊಟ್ಟ ಮಾಲೀಕ ಊರಿನ ಬಡ ಬಾಡಿಗೆದಾರನಿಗೂ ಬದುಕಲು ಜಾಗ ಉಳಿಸಿದ್ದಾನೆಯೇ? ಉಮ್ರಾಕ್ಕೆ ಹೊರಟ ನಮ್ಮ ಹಾಜಿ ಸಾಹೇಬರು ತಂಗಿಗೆ ಸಲ್ಲಬೇಕಾದ ತಂದೆಯ ಆಸ್ತಿಯ ಪಾಲನ್ನು ಕೊಟ್ಟಿದ್ದಾರೆಯೇ? ಶರೀಅತ್ ಎಂದರೆ ಎದೆ ತಟ್ಟಿಕೊಳ್ಳುವ ಎಷ್ಟೋ ಮನೆಗಳಲ್ಲಿ ಈ ಒಂದು ಪಾಲಿನ ಮಾತು ಬಂದಾಗ ಎಲ್ಲರಿಗೂ ಕಿವುಡು.

ಮುಂದಿನ ಸಲ ಮನೆಯಲ್ಲಿ ಯಾರಾದರೂ ಬುಲಾವಾ ಬಂದಿದೆ ಎಂದಾಗ ಮುಬಾರಕ್ ಹೇಳೋಣ. ಹೇಳಿದ ಮೇಲೆ ಅವರ ಮುಂದೆ ಪಾಸ್‌ಪೋರ್ಟಿಗಿಂತ ಮೊದಲು ಒಂದು ಕಾಗದ, ಒಂದು ಪೆನ್ನು ಇಡೋಣ. ತಂಗಿಯ ಪಾಲು, ಕೂಲಿಯವನ ಬಾಕಿ, ಕಟ್ಟದೆ ಉಳಿದ ಜಕಾತ್, ಹೆಂಡತಿಗೆ ಕೊಡದ ಮಹರ್ ಎಲ್ಲವನ್ನೂ ಬರೆಯಲಿ. ಬರೆದದ್ದನ್ನೆಲ್ಲ ತೀರಿಸಿದ ಮೇಲೆ ಟಿಕೆಟ್ಟಿಗೆ ದುಡ್ಡು ಉಳಿದರೆ ಹೋಗಲಿ. ಉಳಿಯದಿದ್ದರೆ ದುಃಖಪಡಬೇಕಾಗಿಲ್ಲ. ಬಂದಿದ್ದ ಕರೆಗೆ ಅವರು ಆಗಲೇ ಓಗೊಟ್ಟಾಗಿದೆ.